ಕಾವಲು ದನ

ಮೂವತ್ತೊಂದು ವರ್ಷ ನಮ್ಮ ಅತ್ತೆ ನನ್ನ ಮುಖ ನೋಡಿರಲಿಲ್ಲ. ನಾನೂ ಅವಳ ಮುಖ ನೋಡಿರಲಿಲ್ಲ. ಜಗಳವೇನಲ್ಲ. ನಾವು ಈ ನೆಲದ ಮೂಲನಿವಾಸಿಗಳು. ನಮ್ಮ ಜನದಲ್ಲಿ ಅತ್ತೆ ಅಳಿಯ ಒಬ್ಬರನ್ನೊಬ್ಬರು ನೋಡಬಾರದು, ಮಾತಾಡಬಾರದು, ಒಂದೇ ಗಾಡಿಯಲ್ಲಿ ಕೂರಬಾರದು, ಹೆಸರು ಹಿಡಿಯಬಾರದು. ಅದು ಮರ್ಯಾದೆ. ನಾನು ಬರುವುದು ಗೊತ್ತಾದರೆ ಅವಳು ಬೆನ್ನು ತಿರುಗಿಸುತ್ತಾಳೆ. ಅವಳ ಗಾಡಿ ಕಂಡರೆ ನಾನು ದಾರಿ ಬಿಟ್ಟು ಪೊದೆಗೆ ಇಳಿಯುತ್ತೇನೆ. ಬಿಳಿಯರಿಗೆ ಇದು ತಮಾಷೆ. "ನಮ್ಮತ್ತೆ ಬಾಯಿಗೂ ಒಂದು ಇಂಥ ಕಾನೂನು ಮಾಡ್ಕೊಡ್ರಪ್ಪ" ಅನ್ನುತ್ತಾರೆ. ನಾವೂ ನಗುತ್ತೇವೆ. ಸಂಬಳ ಕೊಡುವವನು ನಕ್ಕಾಗ ನಗಬೇಕಾಗುತ್ತದೆ.

ಅವಳು ತಿರುಗಿಸಿದ ಆ ಬೆನ್ನನ್ನು ನಾನು ಮಾರಿಕೊಂಡೆ. ಅದನ್ನು ಹೇಳುತ್ತೇನೆ. ಕೇಳಿದವರು ಕನಿಕರ ಪಡುವುದು ಬೇಡ.

ನನ್ನ ಹೆಸರು ಲೆನ್ನಿ. ವಯಸ್ಸು ಐವತ್ತೆರಡು. ಕಾರ್ವೆಲ್ ಡೌನ್ಸ್ ಎಂಬ ದನದ ಸ್ಟೇಷನ್ನಿನಲ್ಲಿ, ಅಂದರೆ ಸಾವಿರಾರು ದನ ಸಾಕುವ ಬಿಳಿಯರ ಎಸ್ಟೇಟಿನಲ್ಲಿ, ಕೆಲಸ. ಉತ್ತರದ ಕಡಲ ದಂಡೆಯ ಡಾರ್ವಿನ್ ಬಂದರಿನಿಂದ ದಕ್ಷಿಣಕ್ಕೆ ಒಂದು ಹಗಲಿನ ದಾರಿ. ಮ್ಯಾನೇಜರು ಹ್ಯಾಲರನ್ ನನಗಿಂತ ಹದಿನೈದು ವರ್ಷ ಚಿಕ್ಕವನು. ನನ್ನನ್ನು "ಹುಡುಗಾ" ಎಂದು ಕರೆಯುತ್ತಾನೆ. ಅವನಪ್ಪ ನನ್ನಪ್ಪನನ್ನು ಸಾಯುವ ತನಕ "ಹುಡುಗಾ" ಎಂದೇ ಕರೆದ. ಈ ಸ್ಟೇಷನ್ನಿನ ಬೇಲಿಯ ಒಂದೊಂದು ಗೂಟಕ್ಕೂ ಗುಂಡಿ ತೋಡಿದ್ದು ನನ್ನಪ್ಪ. ಅವನಿಗೆ ಸಿಕ್ಕಿದ್ದು ಮೈದಾ ಹಿಟ್ಟು, ಚಹಾ ಪುಡಿ, ಹೊಗೆಸೊಪ್ಪು.

ನನ್ನ ಕೆಲಸ ದನದ ರಕ್ತ ತೆಗೆಯುವುದು. ಮಳೆಗಾಲದಲ್ಲಿ ಉತ್ತರದ ಕಡಲ ಕಡೆಯಿಂದ ಗಾಳಿಯೊಂದಿಗೆ ಒಂದು ನುಸಿ ಬರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣದು. ಅದು ಕಚ್ಚಿದರೆ ದನದ ಮೈಗೆ ವೈರಸ್ಸು ಸೇರುತ್ತದೆ. ದನ ಆರಾಮವಾಗಿಯೇ ಮೇಯುತ್ತಿರುತ್ತದೆ, ಹೊಟ್ಟೆಯಲ್ಲಿರುವ ಕರು ಮಾತ್ರ ಸೊಟ್ಟಗಾಗುತ್ತದೆ. ಆ ವೈರಸ್ಸು ಇರುವ ಕಡೆಯ ದನವನ್ನು ಹೊರದೇಶಕ್ಕೆ ಮಾರಲು ಹಡಗಿಗೆ ಹತ್ತಿಸುವುದಿಲ್ಲ. ಅದಕ್ಕೇ ಸರ್ಕಾರದವರು ನಕ್ಷೆಯ ಮೇಲೆ ಒಂದು ಗೆರೆ ಎಳೆದಿದ್ದಾರೆ. ಗೆರೆಯ ಉತ್ತರಕ್ಕೆ ರೋಗ, ದಕ್ಷಿಣಕ್ಕೆ ಶುದ್ಧ. ಮಳೆ ನೋಡಿಕೊಂಡು ಗೆರೆ ಹಿಂದೆ ಮುಂದೆ ಸರಿಯುತ್ತದೆ. ನುಸಿ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಅಲ್ಲಲ್ಲಿ ಹತ್ತತ್ತು ಶುದ್ಧ ಕಡಸುಗಳನ್ನು ಬಿಟ್ಟಿರುತ್ತಾರೆ. ತಿಂಗಳಿಗೊಮ್ಮೆ ಅವುಗಳ ರಕ್ತ ನೋಡುತ್ತಾರೆ. ಯಾವ ತಿಂಗಳು ರಕ್ತದಲ್ಲಿ ಗುರುತು ಕಂಡಿತೋ ಆ ತಿಂಗಳು ನುಸಿ ಅಲ್ಲಿಗೆ ಬಂತು ಎಂದು ಲೆಕ್ಕ. ಇವನ್ನು ಕಾವಲು ದನ ಅನ್ನುತ್ತೇವೆ. ಕಾರ್ವೆಲ್ ಡೌನ್ಸಿನಲ್ಲಿ ಹತ್ತು, ಅದರ ದಕ್ಷಿಣಕ್ಕೆ ಕೊಕ್ಕರೆ ಮಡುವಿನಲ್ಲಿ ಹತ್ತು. ಎರಡೂ ಕಡೆ ರಕ್ತ ತೆಗೆಯುವವನು ನಾನೇ.

ಕೊಕ್ಕರೆ ಮಡು ನಮ್ಮ ನೆಲ. ಅದಕ್ಕಾಗಿ ಇಪ್ಪತ್ತೆರಡು ವರ್ಷ ಕೋರ್ಟಿಗೆ ಅಲೆದೆವು. ತೀರ್ಪು ಬರುವ ಹೊತ್ತಿಗೆ ಕೇಸು ಹಾಕಿದವರಲ್ಲಿ ಮೂವರು ಹಿರಿಯರು ಮಣ್ಣಾಗಿದ್ದರು. ಕೊಟ್ಟ ಕಾಗದದಲ್ಲೂ ಒಂದು ಕೊಕ್ಕೆ ಇತ್ತು. ದನ ಸಾಕಬೇಕು, ಮಾರಬೇಕು. ಎರಡು ವರ್ಷ ಒಂದೇ ಸಮನೆ ಮಾರದಿದ್ದರೆ ನೆಲ ವಾಪಸ್ಸು, ಆಮೇಲೆ ಪಕ್ಕದವರು ಕೇಳಿದರೆ ಪಕ್ಕದವರಿಗೆ. ಪಕ್ಕದವರು ಎಂದರೆ ಕಾರ್ವೆಲ್ ಡೌನ್ಸ್. ಮಡುವಿನಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಹ್ಯಾಲರನ್ನನ ಕಣ್ಣು ಆ ನೀರಿನ ಮೇಲಿತ್ತು.

ಅಲ್ಲಿಯ ದನ ನೋಡಿಕೊಳ್ಳುವವಳು ನಮ್ಮ ಅತ್ತೆ. ಕಾಗದದಲ್ಲೂ ಮಾಲೀಕಳು ಅವಳೇ.

ರಕ್ತ ತೆಗೆಯುವುದು ಹೇಗೆ ಗೊತ್ತೇ? ಕಡಸನ್ನು ಕಬ್ಬಿಣದ ಇಕ್ಕಟ್ಟಿನೊಳಗೆ, ದನ ಅಲುಗಾಡದಂತೆ ಹಿಡಿಯುವ ಕಂಬಿಗಳ ಓಣಿಯೊಳಗೆ, ನೂಕಬೇಕು. ಹಿಂದೆ ನಿಂತು ಬಾಲ ಎತ್ತಬೇಕು. ಅದು ಸಗಣಿ ಹಾಕುತ್ತದೆ. ಬಿಸಿ ಸಗಣಿ ಅಂಗಿಯ ತೋಳೊಳಗೆ ಇಳಿದು ಕಂಕುಳಿಗೆ ಬರುತ್ತದೆ. ಬಾಲದ ಬುಡದಲ್ಲಿ ಮೂಳೆ ಮೂಳೆಯ ನಡುವಿನ ತಗ್ಗು ಹೆಬ್ಬೆರಳಿಗೆ ಸಿಗಬೇಕು. ಅಲ್ಲಿ ಸೂಜಿ. ಒದೆತಕ್ಕೆ ನನ್ನ ಎರಡು ಪಕ್ಕೆಲುಬು ಮುರಿದಿವೆ. ಒಂದು ಹಲ್ಲು ಹೋಗಿದೆ. ಕಿವಿಯ ಬಿಲ್ಲೆಯ ನಂಬರನ್ನು ಟ್ಯೂಬಿನ ಮೇಲೆ ಬರೆದು ಐಸ್ ಪೆಟ್ಟಿಗೆಯಲ್ಲಿಟ್ಟರೆ ಗುರುವಾರದ ಟಪಾಲು ವಿಮಾನದಲ್ಲಿ ಸರ್ಕಾರದ ಲ್ಯಾಬಿಗೆ ಹೋಗುತ್ತದೆ. ಈ ಕೆಲಸಕ್ಕೆ ಸರ್ಕಾರ ನನಗೆ ಒಂದು ಸರ್ಟಿಫಿಕೇಟ್ ಕೊಟ್ಟಿತ್ತು. ನನ್ನ ಹೆಂಡತಿ ವರ್ನಾ ಅದಕ್ಕೆ ಕಟ್ಟು ಹಾಕಿಸಿ ಫ್ರಿಜ್ಜಿನ ಮೇಲೆ ತೂಗು ಹಾಕಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನೂ ಬೀಗುತ್ತಿದ್ದೆ.

ಒಂದು ನಿಯಮವಿತ್ತು. ರಕ್ತ ತೆಗೆಯುವಾಗ ದನದ ಮಾಲೀಕರು ಎದುರಿಗಿದ್ದು ನೋಡಬೇಕು, ಆಮೇಲೆ ಕಾಗದಕ್ಕೆ ಸಹಿ ಹಾಕಬೇಕು. ಕೊಕ್ಕರೆ ಮಡುವಿನಲ್ಲಿ ಅತ್ತೆ ನಾನು ಬರುವ ಮೊದಲೇ ಕಡಸುಗಳನ್ನು ದೊಡ್ಡಿಗೆ ಸೇರಿಸಿ, ತಗಡಿನ ಮರೆಗೆ ಹೋಗಿ, ಒಂದು ಹಳೇ ಡ್ರಮ್ಮಿನ ಮೇಲೆ ಬೆನ್ನು ಹಾಕಿ ಕೂರುತ್ತಿದ್ದಳು. ತಗಡಿನ ಅಂಚಿನಾಚೆ ಅವಳ ನೀಲಿ ಲಂಗದ ಒಂದು ತುದಿ ಕಾಣುತ್ತಿತ್ತು. ಕೂತಲ್ಲೇ ಸಣ್ಣಗೆ ಹಾಡುತ್ತಿದ್ದಳು. ಅವಳ ದನಿ ಕೇಳಿದರೆ ಕಡಸುಗಳು ಒದೆಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನಾನು ಒಂದು ಕಬ್ಬಿಣದ ತುಂಡಿನಿಂದ ಗೇಟಿಗೆ ಎರಡು ಸಲ ಬಡಿಯುತ್ತಿದ್ದೆ. ಹೊರಟೆ ಎಂದು ಅರ್ಥ. ಕಾಗದದಲ್ಲಿ ಅವಳ ಜಾಗಕ್ಕೆ ನಾನೇ ಒಂದು ಕತ್ತರಿ ಗುರುತು ಹಾಕುತ್ತಿದ್ದೆ. ಅವಳು ನೋಡಿದಳು ಎಂದು ಆ ಗುರುತಿನ ಅರ್ಥ. ಅವಳು ನೋಡಿರಲಿಲ್ಲ. ನಂಬಿದ್ದಳು.

ಇದನ್ನು ನಾನು ಒಂದು ದಿನ ಹ್ಯಾಲರನ್ನನಿಗೆ ಹೇಳಿದ್ದೆ. ಯಾರೂ ಬಾಯಿ ಬಿಡಿಸಿರಲಿಲ್ಲ. ದೊಡ್ಡಿಯಲ್ಲಿ ಎಲ್ಲರೂ ನಗುತ್ತಿದ್ದರು, ನಾನೂ ನಗಿಸೋಣ ಎಂದು ಹೇಳಿದೆ. "ಸರ್ಕಾರದ ಸಾಕ್ಷಿ ನನಗೆ ಬೆನ್ನು ಹಾಕ್ಕೊಂಡು ಹಾಡು ಹೇಳ್ತಿರ್ತಾಳೆ ಬಾಸ್" ಅಂದೆ. ಅವನು ಬಿದ್ದು ಬಿದ್ದು ನಕ್ಕ. ಅವನನ್ನು ನಗಿಸಿದೆ ಎಂದು ನನಗೆ ಖುಷಿಯಾಯಿತು. ಥೂ.

ಆ ವರ್ಷ ಮಳೆ ವಿಪರೀತ. ಕಾರ್ವೆಲ್ ಡೌನ್ಸಿನ ಉತ್ತರದ ಬಯಲು ಮೂರು ತಿಂಗಳು ಕೆಸರು, ಅಷ್ಟು ದಿನ ರಕ್ತ ತೆಗೆಯುವುದೂ ನಿಂತಿತ್ತು. ಆಮೇಲೆ ಕರು ಹಾಕುವ ಕಾಲ ಬಂತು. ಹ್ಯಾಲರನ್ ಬಂದೂಕು ಕೊಟ್ಟು ನನ್ನೊಬ್ಬನನ್ನೇ ಕರೆದುಕೊಂಡು ಹೋದ. ಹುಲ್ಲಿನಲ್ಲಿ ಕರುಗಳು ಬಿದ್ದಿದ್ದವು. ಮುಂಗಾಲು ಮಡಚಿ ಬೀಗ ಹಾಕಿದ ಹಾಗೆ ಗಟ್ಟಿ. ಬಿಡಿಸಲು ಹೋದರೆ ಬರುವುದಿಲ್ಲ. ಒಂದರ ಬೆನ್ನು ಬಿಲ್ಲಾಗಿತ್ತು. ಒಂದು ಬದುಕಿತ್ತು, ತಲೆ ಎತ್ತಲಾಗದೆ ನೆಲ ನೆಕ್ಕುತ್ತಿತ್ತು. ತಾಯಿ ಪಕ್ಕದಲ್ಲೇ ನಿಂತು ಅದನ್ನು ಎಬ್ಬಿಸಲು ಮೂತಿಯಿಂದ ನೂಕುತ್ತಿತ್ತು. ಹನ್ನೊಂದು ಕರು. ಬದುಕಿದ್ದಕ್ಕೆ ಗುಂಡು ಹೊಡೆದವನು ನಾನು. ಎಲ್ಲವನ್ನೂ ಎಳೆದು ಬೋರಿನ ಹಿಂದಿನ ಗುಂಡಿಗೆ ಹಾಕಿ ಡೀಸೆಲ್ ಸುರಿದು ಸುಟ್ಟೆ. ಎರಡು ದಿನ ಊಟ ಸೇರಲಿಲ್ಲ.

"ಏನೂ ನೋಡಿಲ್ಲ ನೀನು" ಅಂದ ಹ್ಯಾಲರನ್.

"ಏನೂ ನೋಡಿಲ್ಲ ಬಾಸ್" ಅಂದೆ.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಅಡುಗೆಮನೆಯೊಳಗೆ ಕರೆದ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಆ ಮನೆಯ ಹಿಂದಿನ ಗೋಡೆಗೆ ಹೊರಗಡೆ ಮೊಳೆ ಹೊಡೆದು ನಮ್ಮ ತಗಡಿನ ಲೋಟಗಳನ್ನು ತೂಗು ಹಾಕಿದ್ದಾರೆ. ಚಹಾ ಕುಡಿಯಬೇಕಾದರೆ ಲೋಟ ತೆಗೆದುಕೊಂಡು ಮೆಟ್ಟಿಲ ಕೆಳಗೆ ನಿಲ್ಲಬೇಕು. ಮೇಲಿನಿಂದ ಸುರಿಯುತ್ತಾರೆ. ಕುಡಿದು ನಲ್ಲಿಯಲ್ಲಿ ತೊಳೆದು ವಾಪಸ್ಸು ಮೊಳೆಗೆ. ಮೂವತ್ತು ವರ್ಷ ನಾನು ಆ ಮೆಟ್ಟಿಲು ಹತ್ತಿರಲಿಲ್ಲ.

"ಬನ್ನಿ ಮಿಸ್ಟರ್ ಲೆನ್ನಿ, ಕೂತ್ಕೊಳ್ಳಿ" ಅಂದ.

ಮಿಸ್ಟರ್. ಬನ್ನಿ. ಕುರ್ಚಿಯ ಮೇಲೆ ಅವನ ಹೆಂಡತಿ ಆಗಲೇ ನ್ಯೂಸ್‌ಪೇಪರ್ ಹಾಸಿದ್ದಳು. ನಾನು ಅದರ ಮೇಲೆ ಕೂತೆ. ಎದುರಿಗೆ ಪಿಂಗಾಣಿ ಕಪ್ಪು ಬಂತು. ನೀಲಿ ಹೂವಿನದು.

"ಸಕ್ಕರೆ ಎಷ್ಟು?"

ಯಾರೂ ನನ್ನನ್ನು ಅದು ಕೇಳಿರಲಿಲ್ಲ. ನಾನು ಮೂರು ಚಮಚ ಹಾಕಿಕೊಳ್ಳುವವನು. "ಒಂದು ಸಾಕು" ಅಂದೆ. ಸಂಕೋಚಕ್ಕೆ.

"ನೋಡಿ, ಈ ತಿಂಗಳು ಎರಡೂ ಕಡೆ ಒಂದೇ ದಿನ ರಕ್ತ ತೆಗೀರಿ. ನಂಬರ್ ಮಾತ್ರ ಅದಲು ಬದಲು ಮಾಡಿ. ನಮ್ಮ ದನದ ಟ್ಯೂಬಿಗೆ ಅವರ ನಂಬರ್ರು, ಅವರ ಟ್ಯೂಬಿಗೆ ನಮ್ಮದು. ಅಷ್ಟೇ."

"ಆಗ ರೋಗ ಮಡುವಿನಲ್ಲಿದೆ ಅಂತ ಬರುತ್ತಲ್ಲ ಬಾಸ್."

"ಬರ್ಲಿ ಬಿಡಿ. ನಿಮ್ಮ ದನ ನೀವೇ ಕುಯ್ದು ತಿಂತೀರಿ. ಇಲ್ಲಿ ಆರು ಸಾವಿರ ತಲೆ ಹಡಗಿಗೆ ಹೋಗ್ಬೇಕು. ಅದು ನಿಂತ್ರೆ ಮೊದಲು ಯಾರ ಕೆಲಸ ಹೋಗುತ್ತೆ ಹೇಳಿ?"

"ಅಲ್ಲಿ ಸಾಕ್ಷಿ ಇರ್ತಾರೆ."

"ಯಾರು, ನಿಮ್ಮತ್ತೇನಾ?" ಅವನು ನಕ್ಕ. "ಬೆನ್ನು ಹಾಕ್ಕೊಂಡು ಹಾಡು ಹೇಳ್ತಿರ್ತಾಳಲ್ಲ!"

ಆಗಲೇ ಎದ್ದು ಬರಬೇಕಿತ್ತು. ಕಪ್ಪನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ನಾನು ಚಹಾ ಕುಡಿದೆ. ಕಪ್ಪಿನ ಅಂಚು ತೆಳ್ಳಗಿತ್ತು, ತುಟಿಗೆ ತಾಗಿದ್ದೇ ತಿಳಿಯಲಿಲ್ಲ. ಪೂರ್ತಿ ಕುಡಿದೆ. "ಸರಿ ಬಾಸ್" ಅಂದೆ.

ಮಡುವಿನ ದೊಡ್ಡಿಯಲ್ಲಿ ಅವತ್ತು ಹಣೆಯ ಮೇಲೆ ಚುಕ್ಕಿ ಇದ್ದ ಕಡಸು ಮೊದಲು ಬಂತು. ಅದನ್ನು ಅತ್ತೆ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ತಗಡಿನ ಮರೆಯಲ್ಲಿ ಅವಳು ಹಾಡುತ್ತಿದ್ದಳು. ಕಡಸು ಕಿವಿ ನಿಮಿರಿಸಿ ಸುಮ್ಮನೆ ನಿಂತಿತು. ಅದರ ಶುದ್ಧ ರಕ್ತ ಟ್ಯೂಬಿಗೆ ತುಂಬಿತು. ನಾನು ಟ್ಯೂಬಿನ ಮೇಲೆ ಹ್ಯಾಲರನ್ನನ ನಂಬರು ಬರೆದೆ. ಹತ್ತು ಸಲ ಹಾಗೆ ಬರೆದೆ. ಕಾಗದಕ್ಕೆ ಅವಳ ಕತ್ತರಿ ಗುರುತು ಹಾಕಿದೆ. ಗೇಟಿಗೆ ಎರಡು ಸಲ ಬಡಿದೆ. ನೀಲಿ ಲಂಗದ ತುದಿ ಅಲ್ಲಾಡಿತು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಬೇಲಿ ನಾನು.

ಮೂರು ವಾರಕ್ಕೆ ಹೊಸ ನಕ್ಷೆ ಬಂತು. ಕಾರ್ವೆಲ್ ಡೌನ್ಸ್ ಶುದ್ಧ. ಕೊಕ್ಕರೆ ಮಡುವಿನ ಸುತ್ತ ಮಾತ್ರ ಒಂದು ಕೆಂಪು ಉಂಗುರ, ಹುಣ್ಣಿನ ಹಾಗೆ. ಹಡಗಿಗೆ ಗೊತ್ತು ಮಾಡಿದ್ದ ನಮ್ಮ ನೂರ ನಲವತ್ತು ದನ ಅಲ್ಲೇ ನಿಂತವು. ಹಿಂದಿನ ವರ್ಷ ಪ್ರವಾಹಕ್ಕೆ ರಸ್ತೆ ಕೊಚ್ಚಿಹೋಗಿ ಮಾರಲಾಗಿರಲಿಲ್ಲ. ಈ ವರ್ಷವೂ ಇಲ್ಲ ಎಂದರೆ ಎರಡು ವರ್ಷ. ಕಾಗದದ ಪ್ರಕಾರ ನೆಲ ಹೋಯಿತು.

ವರ್ನಾ ಅಡುಗೆ ಮಾಡುತ್ತಾ ಅಂದಳು, "ಅಮ್ಮ ಮೂರು ದಿನದಿಂದ ಉಂಡಿಲ್ಲ. ಅಷ್ಟು ಜೋಪಾನ ಮಾಡಿದ್ರೂ ನನ್ನ ದನಕ್ಕೆ ಎಲ್ಲಿಂದ ಬಂತು ಅಂತ ಒಂದೇ ಸಮ ಕೇಳ್ತಾಳೆ. ಒಂದೊಂದನ್ನೂ ಹಿಡ್ಕೊಂಡು ಕಿವಿ, ಬಾಯಿ ಎಲ್ಲ ನೋಡ್ತಿದ್ದಾಳೆ."

ನಾನು ಫ್ರಿಜ್ಜು ತೆಗೆದು ನೀರು ಹುಡುಕಿದೆ.

"ನೀನೇ ಅಲ್ವಾ ರಕ್ತ ತೆಗೆದಿದ್ದು? ನಿನಗೇನನ್ಸುತ್ತೆ?"

"ನುಸಿಗೆ ರೆಕ್ಕೆ ಇರುತ್ತೆ" ಅಂದೆ. ಈ ಮಾತು ಆಡಿದ ನಾಲಿಗೆ ಇದೇ.

ಸರ್ಕಾರದ ದನದ ಡಾಕ್ಟರಮ್ಮ ಬಂದಳು. ಗ್ರೇಟಾ ಅಂತ. ಕೆಟ್ಟ ಹೆಂಗಸಲ್ಲ, ಅವಸರದವಳು. ನಮ್ಮ ಶೆಡ್ಡಿನಲ್ಲಿ ಸಭೆ ಸೇರಿತು. ನಮ್ಮವರು ಮೂವತ್ತು ಮಂದಿ, ಹ್ಯಾಲರನ್, ಅವನ ನಾಲ್ಕು ಜನ. ಅತ್ತೆ ಒಳಗೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆದ್ದರಿಂದ ನಾನು ಹೊರಗೆ, ತಗಡಿನ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ನಾವು ಸಭೆಗೆ ಹೋಗುವುದೇ ಹೀಗೆ. ತಗಡಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು.

ಡಾಕ್ಟರಮ್ಮ ಗೋಡೆಗೆ ನಕ್ಷೆ ಅಂಟಿಸಿ ಹೇಳಿದಳು, "ನನಗೊಂದು ಅರ್ಥ ಆಗ್ತಿಲ್ಲ. ನುಸಿ ಬರೋದು ಉತ್ತರದಿಂದ. ಕಾರ್ವೆಲ್ ಡೌನ್ಸ್ ಬಿಟ್ಟು ಹಾರಿ ಇಲ್ಲಿಗೆ ಹೇಗೆ ಬಂತು?"

"ನುಸಿ ತಂದಿರಲ್ಲ ಡಾಕ್ಟರೇ" ಅಂದ ಹ್ಯಾಲರನ್. "ಇವರ ನೆಂಟರೆಲ್ಲ ಉತ್ತರದಲ್ಲೇ ಇರೋದು. ಕಾಗದ ಗೀಗದ ಇಲ್ದೆ ದನ ಹೊಡ್ಕೊಂಡು ಬಂದಿರ್ತಾರೆ. ಇವರಿಗೆ ಹೊಸದಾ?"

ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದಳು. ಹೆಸರು ಹಿಡಿದು ಕರೆದಳು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ.

"ಹೊರಗಿನಿಂದ ದನ ತಂದ್ರಾ?"

"ಇಲ್ಲ."

"ರಕ್ತ ತೆಗೀವಾಗ ನೀವು ಅಲ್ಲಿದ್ರಾ?"

"ಇದ್ದೆ."

"ಈ ದನದ್ದೇ ರಕ್ತ ತೆಗೆದದ್ದು ನೋಡಿದ್ರಾ?"

"ನೋಡಿಲ್ಲ."

"ಯಾಕೆ?"

"ನೋಡಬಾರದು."

"ಅಳಿಯ ಡಾಕ್ಟರೇ, ಅಳಿಯ!" ಅಂದ ಹ್ಯಾಲರನ್. "ಎಪ್ಪತ್ತು ವರ್ಷದ ಮುದುಕಿಗೆ ಅಳಿಯನ್ನ ಕಂಡ್ರೆ ನಾಚಿಕೆ!"

ಅವನ ನಾಲ್ಕು ಜನ ಹೋ ಎಂದು ನಕ್ಕರು. ನಮ್ಮವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು.

"ಮತ್ತೆ ಇಲ್ಲಿ ಗುರುತು ಇದೆಯಲ್ಲ" ಡಾಕ್ಟರಮ್ಮ ಕಾಗದ ಎತ್ತಿ ಹಿಡಿದಳು. "ನೋಡದೇನೇ ನೋಡಿದೆ ಅಂತ ಗುರುತು ಹಾಕೋದು ಅಪರಾಧ. ಇದನ್ನ ಹಾಕಿದ್ದು ಯಾರು?"

ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ಆ ಗುರುತು ತಾನು ಹಾಕಿದ್ದಲ್ಲ ಎಂದು ಅವಳಿಗೆ ಗೊತ್ತು. ಯಾರು ಹಾಕಿದ್ದು ಎಂದೂ ಆ ಕ್ಷಣಕ್ಕೆ ಗೊತ್ತಾಗಿರಬೇಕು.

"ನಾನೇ" ಅಂದಳು.

ತಗಡು ಬಿಸಿಲಿಗೆ ಕಾದಿತ್ತು. ನನ್ನ ಕೆನ್ನೆ ಅದಕ್ಕೆ ಅಂಟಿಕೊಂಡಿತ್ತು. ಸುಡುತ್ತಿದ್ದರೂ ತೆಗೆಯಲಾಗಲಿಲ್ಲ. ನನ್ನ ಹೆಸರು ಅವಳ ಬಾಯಲ್ಲಿ ಬರಬಾರದು, ಅದಕ್ಕೆ ಹಾಗಂದಳೋ, ಮಗಳ ಗಂಡ ಎಂದು ಹಾಗಂದಳೋ ಗೊತ್ತಿಲ್ಲ. ಇನ್ನೂ ಮರೆಯಲ್ಲಿ ನಿಲ್ಲಲು ನಾಚಿಕೆಯಾಯಿತು.

ನಾನು ಒಳಗೆ ಹೋದೆ. ಹಿಮ್ಮುಖವಾಗಿ ಹೋದೆ. ಬಾಗಿಲಿನಿಂದ ಗೋಡೆ ಹಿಡಿದುಕೊಂಡು, ಸಭೆಗೆ ಬೆನ್ನು ಹಾಕಿ, ನಕ್ಷೆಯ ಮುಂದೆ ನಿಂತೆ. ನನ್ನ ಮೂಗಿನ ಮುಂದೆ ಆ ಕೆಂಪು ಉಂಗುರ.

"ಆ ರಕ್ತ ಈ ದನದ್ದಲ್ಲ" ಅಂದೆ.

"ಯಾರು ನೀವು? ನಮ್ಮ ಕಡೆ ತಿರುಗಿ ಮಾತಾಡಿ" ಅಂದಳು ಡಾಕ್ಟರಮ್ಮ.

"ಆಗಲ್ಲ."

"ಏ ಹುಡುಗಾ, ತಿರುಗೋ ಈ ಕಡೆ!" ಹ್ಯಾಲರನ್.

"ಆಗಲ್ಲ."

ಮೂವತ್ತು ವರ್ಷದಲ್ಲಿ ಅವನಿಗಾಗಲಿ ಅವನಪ್ಪನಿಗಾಗಲಿ ನಾನು ಆ ಮಾತು ಹೇಳಿರಲಿಲ್ಲ. ಎರಡನೇ ಸಲ ಹೇಳುವಾಗ ಸುಲಭವಾಯಿತು.

"ಕುಡಿದು ಬಂದಿದ್ದಾನೆ ಡಾಕ್ಟರೇ."

"ಹೌದು, ಕುಡಿದಿದ್ದೀನಿ" ಅಂದೆ. "ನಿಮ್ಮನೇಲೇ ಕುಡಿದಿದ್ದು. ನೀಲಿ ಹೂವಿನ ಕಪ್ಪಲ್ಲಿ ಚಹಾ. ಒಂದು ಚಮಚ ಸಕ್ಕರೆ. ಅದಕ್ಕೇ ನಿಮ್ಮ ದನದ ರಕ್ತಕ್ಕೆ ಇವರ ನಂಬರ್ ಬರೆದೆ. ಇವರ ರಕ್ತಕ್ಕೆ ನಿಮ್ಮದು. ಕಾಗದದ ಮೇಲಿನ ಗುರುತೂ ನಂದೇ. ಯಾವಾಗ್ಲೂ ನಾನೇ ಹಾಕ್ತಿದ್ದೆ. ನಂಬಿಕೆ ಇಲ್ದಿದ್ರೆ ಉತ್ತರದ ಬೋರಿನ ಹಿಂದೆ ಅಗೆದು ನೋಡಿ ಡಾಕ್ಟರಮ್ಮ. ಹನ್ನೊಂದು ಕರು ಸುಟ್ಟಿದ್ದೀನಿ. ಮೂಳೆ ಸುಟ್ಟಿಲ್ಲ. ಕಾಲು ಹೇಗೆ ಮಡಚಿದೆ ಅಂತ ಕಾಣುತ್ತೆ."

ಹ್ಯಾಲರನ್ ಕುರ್ಚಿ ನೂಕಿ ಎದ್ದ ಸದ್ದು ಕೇಳಿತು. "ಸಂಜೆಯೊಳಗೆ ಕ್ವಾರ್ಟರ್ಸ್ ಖಾಲಿ ಮಾಡು" ಅಂದ. ನನ್ನ ಬೆನ್ನಿಗೆ ಏನೋ ಬಂದು ಬಿತ್ತು. ಉಗುಳು. ಅವನದೋ ನಮ್ಮವರದೋ ಇವತ್ತಿಗೂ ಗೊತ್ತಿಲ್ಲ. ನಮ್ಮವರದೇ ಆಗಿದ್ದರೂ ತಪ್ಪಿಲ್ಲ.

ಡಾಕ್ಟರಮ್ಮ ಗುಂಡಿ ಅಗೆಸಿದಳು. ಎರಡೂ ಕಡೆ ತಾನೇ ನಿಂತು ಮತ್ತೆ ರಕ್ತ ತೆಗೆದಳು. ಕೆಂಪು ಗೆರೆ ಕಾರ್ವೆಲ್ ಡೌನ್ಸನ್ನು ನುಂಗಿ ನಮ್ಮ ಬೇಲಿಯ ಆಚೆ ನಿಂತಿತು. ಸುತ್ತು ದಾರಿ ಹಿಡಿದು ನಮ್ಮ ದನದ ಟ್ರಕ್ಕುಗಳು ಕೊನೇ ಹಡಗಿಗೆ ಮುಟ್ಟಿದವು. ನೆಲ ಉಳಿಯಿತು. ಸರ್ಕಾರದ ಕಾಗದದಲ್ಲಿ "ಸ್ಥಳೀಯ ಕೆಲಸಗಾರನ ಲೋಪ" ಎಂದಷ್ಟೇ ಇತ್ತು. ಹ್ಯಾಲರನ್ನನ ಹೆಸರು ಎಲ್ಲೂ ಇರಲಿಲ್ಲ. ಅವನು ಅದೇ ಮನೆಯಲ್ಲಿದ್ದಾನೆ, ಅದೇ ಕಪ್ಪಿನಲ್ಲಿ ಕುಡಿಯುತ್ತಿದ್ದಾನೆ. ನಾನು ಬರುವಾಗ ಮೊಳೆಯಿಂದ ನನ್ನ ತಗಡಿನ ಲೋಟ ಕಿತ್ತುಕೊಂಡು ಬಂದೆ.

ಕಾವಲು ದನದ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲ. ಸಗಣಿಯಲ್ಲಿ ನಿಲ್ಲಲು ಯಾರು ಬರುತ್ತಾರೆ? ಮಡುವಿನ ಹತ್ತು ಕಡಸುಗಳನ್ನು ಮತ್ತೆ ನನಗೇ ಕೊಟ್ಟರು. ಒಂದೇ ಷರತ್ತು. ಸಾಕ್ಷಿ ಕಣ್ಣಾರೆ ನೋಡಬೇಕು.

"ನಾನು ನಿಂತ್ಕೊಂಡು ನೋಡ್ತೀನಿ ಬಿಡಮ್ಮ" ಅಂದಳಂತೆ ವರ್ನಾ.

"ಬೇಡ. ದನ ನಂದು. ನಾನೇ ನೋಡ್ತೀನಿ" ಅಂದಳಂತೆ ಅತ್ತೆ.

ಮುಂದಿನ ತಿಂಗಳು ನಾನು ಹೋದಾಗ ಕಡಸುಗಳು ದೊಡ್ಡಿಯಲ್ಲಿದ್ದವು. ಡ್ರಮ್ಮು ತಗಡಿನ ಮರೆಯಲ್ಲಿರಲಿಲ್ಲ. ಬಯಲಿಗೆ ಬಂದಿತ್ತು, ಇಕ್ಕಟ್ಟಿಗೆ ನೇರ ಎದುರಿಗೆ. ಅದರ ಮೇಲೆ ನೀಲಿ ಲಂಗ. ನಾನು ತಲೆ ಎತ್ತಲಿಲ್ಲ. ಹಾಡು ಕೇಳಿಸುತ್ತದೇನೋ ಎಂದು ಕಾದೆ. ಅವಳು ಹಾಡಲಿಲ್ಲ. ಚುಕ್ಕಿ ಕಡಸು ಬೆದರಿ ಒದೆಯಿತು. ಸೂಜಿ ಎರಡು ಸಲ ತಪ್ಪಿತು. ಕಿವಿಯ ನಂಬರು ನೋಡಿ ಟ್ಯೂಬಿನ ಮೇಲೆ ಬರೆದೆ. ಸರಿಯಾಗಿಯೇ ಬರೆದೆ. ಬರೆಯುವ ಬೆರಳುಗಳ ಮೇಲೆ ಅವಳ ಕಣ್ಣಿತ್ತು. ಹತ್ತನೆಯದು ಮುಗಿಯುವವರೆಗೂ ಅದು ಆಚೀಚೆ ಆಗಲಿಲ್ಲ.

ಐಸ್ ಪೆಟ್ಟಿಗೆ ಮುಚ್ಚಿದೆ. ಅಭ್ಯಾಸಬಲಕ್ಕೆ ಕಬ್ಬಿಣದ ತುಂಡು ಎತ್ತಿಕೊಂಡು ಗೇಟಿನ ಹತ್ತಿರ ಹೋದೆ. ಬಡಿಯುವ ಅಗತ್ಯವಿರಲಿಲ್ಲ. ಅವಳು ನೋಡುತ್ತಿದ್ದಳು.